ಕಸ್ತೂರಿಯ ಎಡಗಿವಿ

ಬೇವಿನಾಳ, ತಾಲೂಕು ಇಂಡಿ
೯ ಜೂನ್ ೧೯೭೪

ಚಿ. ಸೌ. ತಂಗಿ ಇಂದುಬಾಯಿಗೆ ಅಣ್ಣ ಬಸಂತರಾಯನ ಆಶೀರ್ವಾದ.

ನಿನ್ನ ಯಜಮಾನರು ಗುರಪ್ಪನವರು ಹೊರಗೆ ಕಟ್ಟೆಯ ಮೇಲೆ ಕೂತು ಚಹ ಕುಡಿಯುತ್ತಿದ್ದಾರೆ. ಕಸ್ತೂರಿ ಒಳಗೆ ತನ್ನ ಟ್ರಂಕನ್ನು ಮೂರನೆಯ ಸಲ ಬಿಚ್ಚಿ ತುಂಬುತ್ತಿದ್ದಾಳೆ. ಬಸ್ಸಿಗೆ ಇನ್ನೂ ಒಂದು ತಾಸಿದೆ. ಅಷ್ಟರಲ್ಲಿ ಇದನ್ನು ಬರೆದು ಅವರ ಕೈಯಲ್ಲೇ ಕಳಿಸುತ್ತೇನೆ.

ನೀನು ಹೋದ ತಿಂಗಳು ಬರೆದದ್ದು ಸರಿ. ಹುಡುಗಿ ದೊಡ್ಡವಳಾದ ಮೇಲೆ ಮನೆಯಲ್ಲಿ ಒಬ್ಬ ಹೆಂಗಸು ಬೇಕು. ರುಕ್ಮವ್ವ ತೀರಿಕೊಂಡು ಆರು ವರ್ಷವಾಯಿತು. ತಾಯಿ ಮಾಡುವುದನ್ನೆಲ್ಲ ನಾನೇ ಮಾಡಿದೆ, ಇನ್ನು ಮುಂದಿನದು ನನ್ನಿಂದಾಗದು. ನಮ್ಮೂರ ಸಾಲೆ ಏಳನೆಯ ಇಯತ್ತೆಗೆ ಮುಗಿಯುತ್ತದೆ. ಅವಳಿಗೆ ಮಾಸ್ತರನೂ ನಾನೇ, ತಂದೆಯೂ ನಾನೇ. ಹದಿಮೂರು ವರ್ಷದಲ್ಲಿ ಒಂದು ದಿನವೂ ಅವಳನ್ನು ಬಿಟ್ಟು ಇದ್ದವನಲ್ಲ. ಮುದ್ದೇಬಿಹಾಳದಲ್ಲಿ ನೀನಿದ್ದೀ ಎಂಬ ಒಂದೇ ಧೈರ್ಯದ ಮೇಲೆ ಕಳಿಸುತ್ತಿದ್ದೇನೆ.

ಕೆಲವು ಮಾತು ನೆನಪಿಡು. ತರಗತಿಯಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ, ಎಡಗಡೆಯ ಗೋಡೆಗೆ ಹತ್ತಿ ಕೂಡಿಸಲು ಹೇಳು. ಆ ಜಾಗ ಅವಳಿಗೆ ರೂಢಿ. ದಾರಿಯಲ್ಲಿ ನಡೆಯುವಾಗ ನೀನು ಅವಳ ಬಲಕ್ಕಿರು. ಒಬ್ಬಳನ್ನೇ ಬಜಾರಕ್ಕೆ ಕಳಿಸಬೇಡ. ತಲೆ ಎರೆಯುವಾಗ ಎಡಗಿವಿಗೆ ನೀರು ಹೋಗದಂತೆ ಅರಳೆ ಇಡು. ಚಿಕ್ಕವಳಿದ್ದಾಗ ಸೋರುತ್ತಿತ್ತು, ಈಗ ಏನೂ ಇಲ್ಲ. ಕರೆದಾಗ ಓಗೊಡದಿದ್ದರೆ ಸಿಟ್ಟಾಗಬೇಡ, ಹತ್ತಿರ ಹೋಗಿ ಮಾತಾಡಿಸು. ಅವಳು ಯೋಚನೆಯಲ್ಲಿ ಮುಳುಗುವ ಹುಡುಗಿ.

ಇಷ್ಟೆಲ್ಲ ಹೇಳುತ್ತಾನಲ್ಲ ಎಂದು ನಗಬೇಡ.

ನಿನ್ನ ಅಣ್ಣ
ಬಸಂತರಾಯ

ಮುದ್ದೇಬಿಹಾಳ
೨೩ ಜೂನ್ ೧೯೭೪

ತೀರ್ಥರೂಪ ಅಣ್ಣನಿಗೆ ಇಂದುಬಾಯಿಯ ಶಿರಸಾಷ್ಟಾಂಗ ನಮಸ್ಕಾರ. ಎಲ್ಲರೂ ಆರಾಮ. ಮಗಳು ಉಂಡು ತಿಂದು ಮೈಕೈ ತುಂಬಿಕೊಂಡಿದ್ದಾಳೆ, ಆ ಚಿಂತೆ ಬಿಡು.

ನಗಬೇಡ ಎಂದಿದ್ದೆ. ನಗಲಿಲ್ಲ, ಬೆಚ್ಚಿಬಿದ್ದೆ. ಮೊದಲನೆಯ ದಿನ ಬೆಳಗ್ಗೆ ಹಣಿಗೆ ಹಿಡಿದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಏನವ್ವ ಅಂದೆ. “ಹೆರಳ ಹಾಕ್ರಿ ಅತ್ತಿ” ಅಂದಳು. ಊರಲ್ಲಿ ಯಾರು ಹಾಕುತ್ತಿದ್ದರೆಂದು ಕೇಳಿದರೆ “ಅಪ್ಪ” ಎನ್ನಬೇಕೆ! ಅಣ್ಣಾ, ನೀನು ಹೆರಳು ಹಾಕುವುದನ್ನು ಯಾವಾಗ ಕಲಿತೆ? ಅವಳಿಗೆ ಬಾವಿಯ ಹಗ್ಗ ಹಿಡಿದು ಗೊತ್ತಿಲ್ಲ. ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೇಳಿ ತಂದು ಗೊತ್ತಿಲ್ಲ. ನನ್ನ ರೇವವ್ವ ಒಂಬತ್ತರಾಕೆ, ಒಬ್ಬಳೇ ಹಿಟ್ಟಿನ ಗಿರಣಿಗೆ ಹೋಗಿ ಬರುತ್ತಾಳೆ. ನಿನ್ನ ಮಗಳು ಹದಿಮೂರರಾಕೆ, ಅವಳ ಬೆರಳು ಹಿಡಿದುಕೊಂಡು ಹೋಗುತ್ತಾಳೆ.

ಓದಿನಲ್ಲಿ ಜಾಣೆ, ಒಪ್ಪಿದೆ. ಆದರೆ ಸೊಕ್ಕು ಅದಕ್ಕಿಂತ ಹೆಚ್ಚು. ಮೂರು ಸಲ ಕೂಗಿದರೂ ತಿರುಗಿ ನೋಡುವುದಿಲ್ಲ. ಮೊನ್ನೆ ಇವರ ಕಚೇರಿಯ ಸಾಹೇಬರು ಮನೆಗೆ ಬಂದು “ಏನವಾ, ಯಾವ ಇಯತ್ತೆ?” ಎಂದು ಎರಡು ಸಲ ಕೇಳಿದರು. ಇವಳು ಗೋಡೆ ನೋಡುತ್ತ ನಿಂತಿದ್ದಳು. ನನಗೆ ಮುಖ ಎತ್ತಲಾಗದಂತಾಯಿತು.

ಮಕ್ಕಳನ್ನು ಅಂಗೈಯಲ್ಲಿಟ್ಟು ಸಾಕಬಾರದು ಅಣ್ಣಾ. ನಾನು ಸರಿಮಾಡುತ್ತೇನೆ. ನೀನು ಅಡ್ಡ ಬರಬೇಡ.

ಇಂದು

ಬೇವಿನಾಳ
೨ ಜುಲೈ ೧೯೭೪

ಚಿ. ಸೌ. ಇಂದುಬಾಯಿಗೆ ಆಶೀರ್ವಾದ.

ಅವಳು ಸೊಕ್ಕಿನವಳಲ್ಲ. ಈ ಮಾತನ್ನು ನೀನು ಇನ್ನೊಮ್ಮೆ ಬರೆಯಬಾರದು.

ಹೆರಳು ಕಲಿಸು, ನೀರು ಸೇದಲು ಕಲಿಸು, ಬೇಡವೆನ್ನುವುದಿಲ್ಲ. ಬಜಾರ ಮಾತ್ರ ಬೇಡ. ಮುದ್ದೇಬಿಹಾಳ ಬೇವಿನಾಳವಲ್ಲ; ಲಾರಿ, ಬಸ್ಸು, ಚಕ್ಕಡಿ ಎಲ್ಲ ಒಂದೇ ರಸ್ತೆಯಲ್ಲಿ ನುಗ್ಗುತ್ತವೆ. ಕಾರಣ ಕೇಳಬೇಡ. ತಂದೆ ಎಂದಮೇಲೆ ಕೆಲವಕ್ಕೆ ಕಾರಣ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ.

ಕ್ಲಾಸಿನಲ್ಲಿ ಎಡಗಡೆಯ ಗೋಡೆಯ ಹತ್ತಿರ ಕೂಡಿಸಿದರೋ ಇಲ್ಲವೋ ನೀನು ಬರೆಯಲೇ ಇಲ್ಲ. ಮರುಟಪಾಲಿಗೆ ಬರೆ.

ಬಸಂತರಾಯ

ಮುದ್ದೇಬಿಹಾಳ
೧೯ ಜುಲೈ ೧೯೭೪

ಅಣ್ಣಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ನೀನು ಬೇಡವೆಂದರೂ ನಿನ್ನೆ ಸಂತೆಗೆ ಕಳಿಸಿದೆ. ಅದನ್ನು ಮುಚ್ಚಿಡುವುದಿಲ್ಲ. ನಾನು ರಸ್ತೆಯ ಈಚೆ ಕಾಯಿಪಲ್ಲೆ ಆರಿಸುತ್ತಿದ್ದೆ. “ಆಚಿ ಕಡಿ ಅಂಗಡ್ಯಾಗ ಬೆಲ್ಲ ತಗೊಂಡ ಬಾ” ಎಂದು ಕಸ್ತೂರಿಗೆ ಹೇಳಿದೆ. ಹೋದಳು. ತಂದಳು. ತಿರುಗಿ ದಾಟುವಾಗ ಅವಳ ಎಡಗಡೆಯಿಂದ ಒಂದು ಲಾರಿ ಬಂತು. ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ಹಾರ್ನ್ ಹೊಡೆಯಿತು. ಅವಳೂ ನೋಡಿದಳು ಅಣ್ಣಾ, ಆದರೆ ಬಲಕ್ಕೆ! ಬಲಗಡೆ ಏನೂ ಇರಲಿಲ್ಲ. ಆ ಇಲ್ಲದ ಲಾರಿಗೆ ಹೆದರಿ ಹಿಂದೆ ಸರಿದಳು, ಎಡಕ್ಕೆ, ನೇರವಾಗಿ ಗಾಲಿಯ ಮುಂದಕ್ಕೆ. ಬಟ್ಟೆ ಅಂಗಡಿಯ ಬಾಬುಲಾಲ ಹಾರಿ ಬಂದು ಹೆರಳು ಹಿಡಿದು ಎಳೆಯದಿದ್ದರೆ ಈ ಹೊತ್ತು ನಾನು ಬೇರೆ ಸುದ್ದಿ ಬರೆಯಬೇಕಿತ್ತು. ಬೆಲ್ಲದ ಮೇಲೆ ಲಾರಿ ಹಾಯ್ದು ಹೋಯಿತು.

“ಕಣ್ಣ ಇಲ್ಲೇನು ನಿನಗ?” ಎಂದು ಚೀರಿದೆ. ಅವಳು ಬಲಗಡೆ ಬೆರಳು ತೋರಿಸಿ, “ಅತ್ತಿ, ಆವಾಜ ಈ ಕಡಿಂದ ಬಂತ್ರಿ” ಅಂದಳು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಕೈಗಡಿಯಾರ ಬಿಚ್ಚಿ ಅವಳ ಎಡಗಿವಿಗೆ ಹಿಡಿದರು. “ಏನ್ ಕೇಳ್ತದವಾ?” ಎಂದು ಕೇಳಿದರು. ಅವಳು ನಕ್ಕು, “ಗಡಿಯಾರ ನಿಂತೈತ್ರಿ ಮಾವಾ” ಅಂದಳು. ಬಲಗಿವಿಗೆ ಹಿಡಿದರು. “ಹಾಂ, ಈಗ ಚಾಲೂ ಆತು.”

ಅಣ್ಣಾ, ಅವಳಿಗೆ ಗೊತ್ತಿಲ್ಲ. ತನ್ನ ಒಂದು ಕಿವಿ ಕೇಳುವುದಿಲ್ಲವೆಂಬುದು ಆ ಹುಡುಗಿಗೆ ಗೊತ್ತೇ ಇಲ್ಲ! ಎಲ್ಲರಿಗೂ ಹೀಗೇ ಕೇಳುತ್ತದೆ ಎಂದು ತಿಳಿದಿದ್ದಾಳೆ.

ಆಮೇಲೆ ನಿನ್ನ ಮೊದಲನೆಯ ಪತ್ರ ತೆಗೆದು ಓದಿದೆ. ಬಲಕ್ಕಿರು, ಎಡಗೋಡೆಗೆ ಕೂಡಿಸು, ಹತ್ತಿರ ಹೋಗಿ ಮಾತಾಡಿಸು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಿನ್ನ ಮಗಳನ್ನು ನಾನು ಕೊಂದುಬಿಡುತ್ತಿದ್ದೆನಲ್ಲೋ!

ಏನು ಮಾಡಲಿ ಹೇಳು. ಅವಳ ಮುಖ ನೋಡಲು ಆಗುತ್ತಿಲ್ಲ.

ಇಂದು

ಬೇವಿನಾಳ
೨೯ ಜುಲೈ ೧೯೭೪

ಇಂದೂ,

ನಿನ್ನ ಪತ್ರ ಓದಿ ಸಾಲೆಗೆ ರಜೆ ಹಾಕಿದೆ. ಬಾಬುಲಾಲನಿಗೆ ನನ್ನ ಕಡೆಯಿಂದ ಕೈ ಮುಗಿ.

ಹೌದು, ಗೊತ್ತಿತ್ತು. ನಾಲ್ಕು ವರ್ಷದವಳಿದ್ದಾಗ ದೊಡ್ಡ ಜ್ವರ ಬಂತು, ಕಿವಿ ಸೋರಿತು. ಊರ ವೈದ್ಯರು ಎಣ್ಣೆ ಬಿಟ್ಟರು, ಸೋರುವುದು ನಿಂತಿತು. ಒಂದು ದಿನ ಮಗಳ ಹಿಂದೆ ನಿಂತು ರುಕ್ಮವ್ವ ಎಡಗಡೆಯಿಂದ ಕರೆದಳು. ಹುಡುಗಿ ಬಲಕ್ಕೆ ಹುಡುಕಿತು. ಮತ್ತೆ ಕರೆದಳು, ಮತ್ತೆ ಬಲಕ್ಕೆ. ರುಕ್ಮವ್ವ ಅಲ್ಲೇ ಕುಸಿದು ಕೂತಳು. ಬಿಜಾಪುರದ ದೊಡ್ಡ ಡಾಕ್ಟರ ಹತ್ತಿರ ಹೋಗೋಣವೆಂದು ಅವಳೇ ಹೇಳಿದಳು. ಬೇಡವೆಂದವನು ನಾನು. ದವಾಖಾನೆಗೆ ಹೋದರೆ ಊರಿಗೆ ತಿಳಿಯುತ್ತದೆ, ಊರಿಗೆ ತಿಳಿದರೆ ಹೆಸರು ಬೀಳುತ್ತದೆ.

ನಿನಗೆ ನಮ್ಮ ಅಕ್ಕ ಕಾಶಿಬಾಯಿಯ ನೆನಪಿದೆಯೇ? ನೀನು ಆಗ ಏಳೆಂಟು ವರ್ಷದವಳು. ಅವಳಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಕೆಪ್ಪಿ, ಓಣಿಯಲ್ಲಿ ಕೆಪ್ಪಿ. ಅವಳು ತೀರಿಕೊಂಡ ದಿನ ಊರಗೌಡರ ಆಳು ಹೆಸರು ಬರೆದುಕೊಳ್ಳಲು ಬಂದ. ಅಪ್ಪ “ಕೆಪ್ಪಿ” ಅಂದ. “ಖರೇ ಹೆಸರ ಹೇಳ್ರಿ ಯಜಮಾನ್ರ” ಅಂದ ಅವನು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಅಪ್ಪನ ಮುಖ ನೋಡಿದಳು. ಇಬ್ಬರಿಗೂ ಕೂಡಲೇ ನೆನಪಾಗಲಿಲ್ಲ, ಇಂದೂ! ಹೆತ್ತವರಿಗೆ! ಮೂಲೆಯಲ್ಲಿ ಕೂತಿದ್ದ ನಾನು “ಕಾಶಿಬಾಯಿ” ಎಂದೆ. ಆಗ ನನಗೆ ಹದಿನೇಳು.

ಕಿವಿ ಹೋದರೆ ಹೋಗಲಿ, ನನ್ನ ಮಗಳ ಹೆಸರು ಹೋಗಬಾರದೆಂದು ಅಂದುಕೊಂಡೆ. ಅದಕ್ಕೆ ಅವಳ ಸುತ್ತ ಊರನ್ನೇ ಹೊಂದಿಸಿದೆ. ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಕೂಡಬೇಕು, ಎಲ್ಲ ನಾನೇ ನೋಡಿಕೊಂಡೆ. ಅವಳಿಗೆ ಕೊರತೆ ಇದೆಯೆಂದು ಅವಳಿಗೂ ಅನಿಸದಂತೆ ಒಂಬತ್ತು ವರ್ಷ ನಡೆಸಿದೆ. ಅದೇನು ಸಣ್ಣ ಕೆಲಸವೇ?

ಕೈ ಮುಗಿಯುತ್ತೇನೆ, ಅವಳಿಗೆ ಹೇಳಬೇಡ. ದಸರೆಯ ರಜೆಗೆ ಬಂದಾಗ ನಾನೇ ಹೇಳುತ್ತೇನೆ.

ಬಸಂತರಾಯ

ಮುದ್ದೇಬಿಹಾಳ
೫ ಆಗಸ್ಟ್ ೧೯೭೪

ಅಣ್ಣಾ,

ನಿನ್ನ ಪತ್ರ ಇವತ್ತು ತಲುಪಿತು. ತಡವಾಯಿತು. ಶನಿವಾರವೇ ಹೇಳಿಬಿಟ್ಟೆ.

ಬಲಗಡೆ ಕೂತು, ಕೈ ಹಿಡಿದುಕೊಂಡು ಹೇಳಿದೆ. ಅಳುತ್ತಾಳೆಂದು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಅಳಲಿಲ್ಲ. ತಾನೇ ಗಡಿಯಾರ ಕೇಳಿ ಈಸಿಕೊಂಡು ಎಡಕ್ಕೆ ಬಲಕ್ಕೆ ಎಷ್ಟೋ ಸಲ ಹಿಡಿದು ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು: “ಅಪ್ಪಗ ಗೊತ್ತಿತ್ತೇನ್ರಿ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅಂದಿನಿಂದ ಮಾತಿಲ್ಲ. ಊಟ ಮಾಡುತ್ತಾಳೆ, ಸಾಲೆಗೆ ಹೋಗುತ್ತಾಳೆ, ಬರುತ್ತಾಳೆ. ತಂದೆಗೆ ಪತ್ರ ಬರೆ ಅಂದರೆ ತಲೆ ಅಲ್ಲಾಡಿಸುತ್ತಾಳೆ.

ಕಾಶಕ್ಕನ ವಿಷಯ ನನಗೆ ನೆನಪಿಲ್ಲ ಎಂದು ಬರೆಯಬೇಕೆಂದು ಕೂತೆ. ನೆನಪಿದೆ ಅಣ್ಣಾ. ಓಣಿಯ ಹುಡುಗರನ್ನು ಕಟ್ಟಿಕೊಂಡು ಅವಳ ಬೆನ್ನ ಹಿಂದೆ ನಿಂತು ಕೆಪ್ಪಿ ಕೆಪ್ಪಿ ಎಂದು ಕೂಗುತ್ತಿದ್ದವಳು ನಾನೇ. ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಕೂಗುತ್ತಿದ್ದೆ.

ಆದರೂ ನೀನು ಮಾಡಿದ್ದು ಸರಿ ಎನ್ನಲಾರೆ. ಮಗಳ ಮುಂದೆ ತಗ್ಗು ಇದೆ ಎಂದರೆ ತಂದೆಯಾದವನು ತಗ್ಗು ತೋರಿಸಬೇಕು. ನೀನು ಕಣ್ಣು ಕಟ್ಟಿ, ಎತ್ತಿಕೊಂಡು ದಾಟಿಸಿದೆ. ಎಷ್ಟು ದಿನ ಎತ್ತುತ್ತಿದ್ದೆ?

ಇಂದು

ತಂತಿ. ಮುದ್ದೇಬಿಹಾಳದಿಂದ
೮ ಆಗಸ್ಟ್ ೧೯೭೪, ಸಂಜೆ

ಕಸ್ತೂರಿ ಸಾಲೆಗೆ ಹೋಗಿಲ್ಲ. ಮನೆಗೂ ಬಂದಿಲ್ಲ. ಅಲ್ಲಿಗೆ ಬಂದಿದ್ದರೆ ತಕ್ಷಣ ತಿಳಿಸು. ಇಂದು.

ಮುದ್ದೇಬಿಹಾಳ
೯ ಆಗಸ್ಟ್ ೧೯೭೪

ಅಣ್ಣಾ,

ತಂತಿ ಸಿಕ್ಕಿತೋ ಇಲ್ಲವೋ. ಉತ್ತರ ಬಂದಿಲ್ಲ. ನೀನು ಇತ್ತ ಹೊರಟಿದ್ದರೆ ಈ ಪತ್ರ ನಿನಗೆ ಸಿಗುವುದೂ ಇಲ್ಲ. ಆದರೂ ಬರೆಯುತ್ತೇನೆ, ಸುಮ್ಮನೆ ಕೂಡಲು ಆಗುತ್ತಿಲ್ಲ.

ನಿನ್ನೆ ಬೆಳಗ್ಗೆ ಏಳಕ್ಕೆ ಸಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. “ಇಷ್ಟ ಲಗೂ ಯಾಕ?” ಅಂದೆ. “ಕೆಲಸ ಐತ್ರಿ ಅತ್ತಿ” ಅಂದಳು. ಐದು ದಿನದ ಮೇಲೆ ಮಾತಾಡಿದಳಲ್ಲ ಎಂದು ಹಿಗ್ಗಿದೆ ನಾನು, ಮೂರ್ಖಳು. ಅವಳ ಹೆರಳು ಅವಳೇ ಹಾಕಿಕೊಂಡಿದ್ದಳು, ಒಂದು ದಪ್ಪ ಒಂದು ಸಣ್ಣ.

ಇವರು ನಿನ್ನೆಯಿಂದ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಅಲೆಯುತ್ತಿದ್ದಾರೆ. ನಿಡಗುಂದಿಯಲ್ಲಿ ಯಾರೂ ನೋಡಿಲ್ಲ. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಣ್ಣಿನವಳು, ಎರಡು ಹೆರಳಿನ ಹುಡುಗಿ ಬಿಜಾಪುರದ ಬಸ್ಸು ಕೇಳಿದಳೆಂದು ಹೇಳಿದಳಂತೆ. ಅವಳೇ ಹೌದೋ ಅಲ್ಲವೋ. ಒಂದು ಕಿವಿಯ ಮಗು ಅಣ್ಣಾ, ಬಸ್ಸು ಯಾವ ಕಡೆಯಿಂದ ಬರುತ್ತದೆಂದು ತಿಳಿಯುವುದಿಲ್ಲ.

ಒಂದು ಮಾತು ನಿನಗೆ ಮುಚ್ಚಿಟ್ಟಿದ್ದೆ. ಸಾಹೇಬರು ಬಂದು ಹೋದ ದಿನ ಅವಳ ಕಪಾಳಕ್ಕೆ ಹೊಡೆದೆ. ಎಡಗಡೆ. “ಕರದ್ರ ಕೇಳಂಗಿಲ್ಲೇನು, ಕೆಪ್ಪಿ ಏನ ನೀ?” ಎಂದು ಅಂದೆ. ಅದೇ ಶಬ್ದ ಬಾಯಿಗೆ ಬಂತು. ಅವಳು ಕೆನ್ನೆ ಹಿಡಿದುಕೊಂಡು, “ತಪ್ಪಾತ್ರಿ ಅತ್ತಿ, ಇನ್ನ ಮ್ಯಾಲೆ ಲಕ್ಷ್ಯ ಕೊಟ್ಟು ಕೇಳ್ತೇನಿ” ಅಂದಳು.

ಅವಳಿಗೆ ಏನಾದರೂ ಆಗಿದ್ದರೆ ನಾನು ಬಾವಿ ನೋಡಿಕೊಳ್ಳುತ್ತೇನೆ.

ಇಂದು

ತಂತಿ. ಇಂಡಿಯಿಂದ
೯ ಆಗಸ್ಟ್ ೧೯೭೪, ಮಧ್ಯಾಹ್ನ

ಕಸ್ತೂರಿ ಇಲ್ಲಿ ಕ್ಷೇಮ. ಒಬ್ಬಳೇ ಬಂದಳು. ಪತ್ರ ಬರೆಯುತ್ತೇನೆ. ಬಸಂತರಾಯ.

ಬೇವಿನಾಳ
೧೧ ಆಗಸ್ಟ್ ೧೯೭೪

ಇಂದೂ,

ನಿನ್ನ ತಂತಿ, ನಿನ್ನ ಪತ್ರ ಎರಡೂ ಬಂದವು. ಬಾವಿಯ ಮಾತು ಬಿಡು. ಹೊಡೆದ ಕೈಗಿಂತ ನನ್ನ ಮುಚ್ಚಿದ ಬಾಯಿ ದೊಡ್ಡ ಏಟು ಕೊಟ್ಟಿದೆ. ಅದು ನನಗೆ ಗುರುವಾರ ಮಧ್ಯಾಹ್ನ ತಿಳಿಯಿತು.

ಮೂರೂವರೆ ಇರಬೇಕು. ನಾಲ್ಕನೆಯ ಮತ್ತು ಐದನೆಯ ಇಯತ್ತೆಗಳನ್ನು ಒಟ್ಟಿಗೆ ಕೂಡಿಸಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಾಗಿಲಲ್ಲಿ ಯಾರೋ “ಒಳಗ ಬರಲೇನ್ರಿ ಮಾಸ್ತರ?” ಅಂದರು. ತಿರುಗಿ ನೋಡಿದರೆ ಕಸ್ತೂರಿ. ಮೈತುಂಬ ಧೂಳು. ನನ್ನ ಕೈಯಿಂದ ಸುಣ್ಣದ ಖಡು ಬಿದ್ದು ಎರಡು ತುಂಡಾಯಿತು. ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದೆ. ಯಾರೂ ಇಲ್ಲ.

“ಯಾರ ಸಂಗಾಟ ಬಂದಿ?” ಅಂದೆ.

“ನನ್ನ ಸಂಗಾಟ” ಅಂದಳು.

ನೇರ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಒಬ್ಬ ಹುಡುಗಿಯ ಪಾಟಿ ಈಸಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ಬಲಗಿವಿಗೆ ಎಡಗೈಯ ಬೆರಳು ಒತ್ತಿಕೊಂಡು ಕಣ್ಣು ಮುಚ್ಚಿದಳು. “ಉಕ್ತಲೇಖನ ಹೇಳ್ರಿ ಮಾಸ್ತರ. ಹತ್ತು ಶಬ್ದ” ಅಂದಳು.

ನನಗೆ ಅವಳನ್ನು ತಬ್ಬಿಕೊಂಡು ಹೊರಗೆ ಕರೆದೊಯ್ಯಬೇಕೆನಿಸಿತು. ನಲವತ್ತು ಮಕ್ಕಳು ನೋಡುತ್ತಿದ್ದವು. ಸಣ್ಣ ದನಿಯಲ್ಲಿ ಏನೇನೋ ಹತ್ತು ಶಬ್ದ ಹೇಳಿದೆ. ಕಣ್ಣು ಬಿಟ್ಟು, ಎದ್ದು ಬಂದು ಪಾಟಿ ನನ್ನ ಕೈಗೆ ಕೊಟ್ಟಳು. ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ್ದಳು. ಅಂಕಿಗಳ ಮುಂದೆ ಏನೂ ಇರಲಿಲ್ಲ.

ಒಂಬತ್ತು ವರ್ಷ ನಾನು ಆ ಕಿವಿಯನ್ನು ಒಮ್ಮೆಯೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ಇಂದೂ. ಸ್ವಲ್ಪವಾದರೂ ಕೇಳುತ್ತಿರಬಹುದೆಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

“ಸೊನ್ನೆ ಕೊಡ್ರಿ” ಅಂದಳು. “ಏಳು ವರ್ಷ ಪಹಿಲಾ ನಂಬರ ಕೊಟ್ರಿ. ಅದರಾಗ ನಂದೆಷ್ಟು, ನಿಮ್ದೆಷ್ಟು? ನನಗ ಈಗ ತಿಳೀವಲ್ದು.”

ಮನೆಯಲ್ಲಿ ನೀ ಎನ್ನುವ ಮಗಳು ಅಂದು ಕೊನೆಯವರೆಗೂ ನೀವು ಅಂದಳು.

ಎಲ್ಲ ನಿನ್ನದೇ, ನಾನು ಜಾಗ ಮಾತ್ರ ತೋರಿಸಿದೆ ಎಂದು ಹೇಳಿದೆ. ನಂಬಿದಂತೆ ಕಾಣಲಿಲ್ಲ. ಹೇಗೆ ನಂಬಬೇಕು? ನಾನು ಅವಳಿಗೆ ಗೆಲುವು ಕೊಟ್ಟೆ ಅಂದುಕೊಂಡಿದ್ದೆ. ಅವಳ ಗೆಲುವುಗಳನ್ನೆಲ್ಲ ಅನುಮಾನಕ್ಕೆ ಹಚ್ಚಿಬಿಟ್ಟಿದ್ದೇನೆ.

ಹೇಗೆ ಬಂದಳೆಂದು ಕೇಳಿದೆ. ಬರೆಯುವ ಪಟ್ಟಿ ಕೊಳ್ಳಲು ನೀನು ಕೊಟ್ಟ ದುಡ್ಡಿನಲ್ಲಿ ಬಂದಳಂತೆ. ಬಾಗೇವಾಡಿಯಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ದಸ್ತಗೀರಸಾಬನಿಗೆ, “ನನ್ನ ಎಡಗಿವಿ ಕೇಳಂಗಿಲ್ರಿ. ಬಿಜಾಪುರ ಬಂದ್ರ ಬಲಕ್ಕ ನಿಂತು ಹೇಳ್ರಿ” ಅಂದಳಂತೆ. ಅವನು “ಆತ ತಂಗಿ” ಎಂದು ಹೇಳಿ, ಬಿಜಾಪುರದಲ್ಲಿ ಇಂಡಿಯ ಬಸ್ಸಿನವರೆಗೆ ಬಂದು ತೋರಿಸಿ ಹೋದನಂತೆ. ನಾನು ಯಾವ ಮಾತನ್ನು ಒಂಬತ್ತು ವರ್ಷ ಹೊಸ್ತಿಲು ದಾಟಿಸಲಿಲ್ಲವೋ ಅದನ್ನು ಅವಳು ಬಸ್ಸಿನಲ್ಲಿ ಗುರುತಿಲ್ಲದವರಿಗೆ ಹೇಳಿದ್ದಾಳೆ. ಹೇಳಿದ್ದಕ್ಕೇ ದಾರಿ ಸಿಕ್ಕಿದೆ.

ನಾಡದು ಬಿಜಾಪುರಕ್ಕೆ, ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇವೆ. ಹೋಗೋಣವೆಂದು ಅವಳೇ ಹೇಳಿದಳು.

ಬಸಂತರಾಯ

ಮುದ್ದೇಬಿಹಾಳ
೧೭ ಆಗಸ್ಟ್ ೧೯೭೪

ಅಣ್ಣಾ,

ನಿನ್ನ ತಂತಿ ಬಂದಾಗ ಇವರು ಬಾಗಿಲಲ್ಲೇ ಕೂತು ಅತ್ತರು. ಇವರು ಅತ್ತದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಪಾಟಿಯ ಸಂಗತಿ ಎರಡು ಸಲ ಓದಿದೆ. ಅವಳ ಹಾಸಿಗೆ ಹಾಗೇ ಇದೆ. ಬರುವುದಾದರೆ ಬರಲಿ, ಬರದಿದ್ದರೆ ನಾನು ಕರೆಯುವುದಿಲ್ಲ. ಕರೆಯುವ ಮುಖ ನನಗಿಲ್ಲ. ಡಾಕ್ಟರು ಏನೆಂದರು? ಅದನ್ನು ಮಾತ್ರ ಬರೆ.

ಇಂದು

ಬೇವಿನಾಳ
೩ ಸೆಪ್ಟೆಂಬರ್ ೧೯೭೪

ಇಂದೂ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಧೈರ್ಯ ಸಾಲಲಿಲ್ಲ.

ಡಾಕ್ಟರು ದೀಪ ಹಚ್ಚಿ ಬಹಳ ಹೊತ್ತು ನೋಡಿದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಚೆನ್ನಾಗಿದೆ, ಅದಕ್ಕೇನೂ ಭಯವಿಲ್ಲ ಅಂದರು. “ಮೊದಲ ಕರಕೊಂಡ ಬಂದಿದ್ರ?” ಎಂದು ಕೇಳಿದೆ. ಕೇಳಬಾರದಿತ್ತು. “ಸೋರೂ ಹೊತ್ತಿನ್ಯಾಗ ತಂದಿದ್ರ ಸ್ವಲ್ಪ ಉಳಿಸಬಹುದಿತ್ತೇನೋ ಮಾಸ್ತರ. ಖಾತ್ರಿ ಹೇಳಾಕ ಬರಂಗಿಲ್ಲ” ಅಂದರು. ಅವರು ಕಸ್ತೂರಿಯ ಬಲಕ್ಕೇ ಕೂತಿದ್ದರು. ಪ್ರತಿಯೊಂದು ಅಕ್ಷರ ಅವಳಿಗೆ ಕೇಳಿಸಿತು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಎರಡು ಜನರ ಸೀಟು ಸಿಕ್ಕಿತು. ನಾನು ರೂಢಿಯಂತೆ ಅವಳ ಬಲಕ್ಕೆ ಕೂಡಲು ಹೋದೆ. ಅವಳು ಎದ್ದು ನನ್ನನ್ನು ಎಡಕ್ಕೆ ಸರಿಸಿ ತಾನು ಆಚೆ ಕೂತಳು. ಇಂಡಿಯವರೆಗೆ ನಾನು ಮಾತಾಡುತ್ತಲೇ ಇದ್ದೆ. ರುಕ್ಮವ್ವ ಹೇಳಿದ್ದಳು, ನಾನೇ ಬೇಡವೆಂದೆ, ತಪ್ಪಾಯಿತು ಮಗಳೇ, ಎಲ್ಲ ಹೇಳಿದೆ. ಒಂದೂ ಕೇಳಬಾರದೆಂದೇ ಅವಳು ನನ್ನನ್ನು ಅಲ್ಲಿ ಕೂಡಿಸಿದ್ದಳು. ತನ್ನ ಕಿವುಡನ್ನು ಅವಳು ಬೇಕೆಂದು ಬಳಸಿದ್ದು ಅದೇ ಮೊದಲು, ಅದೂ ನನ್ನ ಮೇಲೆ.

ಆಮೇಲೆ ಹದಿನೆಂಟು ದಿನ ಮನೆಯಲ್ಲಿದ್ದಳು. ರೊಟ್ಟಿ ಬಡಿದಳು. ಒಂದು ರೊಟ್ಟಿಯೂ ದುಂಡಗಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಶುಕ್ರವಾರ ಬೆಳಗ್ಗೆ, “ನಾಳಿ ಮುದ್ದೇಬಿಹಾಳಕ್ಕ ಹೊಕ್ಕೇನಿ ಅಪ್ಪಾ. ಸಾಲಿ ಭಾಳ ತಪ್ಪೇತಿ” ಅಂದಳು. ಎಷ್ಟೋ ದಿನದ ಮೇಲೆ ಅಪ್ಪಾ ಅಂದಳು. ಮನೆಯವರೆಗೂ ಬಿಟ್ಟು ಬರುತ್ತೇನೆಂದೆ. “ಸಿಂದಗಿ ತನಕ ಬಾ. ಅಲ್ಲಿಂದ ಒಂದ ಬಸ್ಸು” ಅಂದಳು.

ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಸಂತೆಯ ಗದ್ದಲ. “ನೀ ಇಲ್ಲೇ ನಿಂದ್ರು. ನನ್ನ ಬಸ್ಸು ನಾ ಹುಡಕ್ತೇನಿ” ಎಂದು ಹೇಳಿ ನನ್ನನ್ನು ಚಹದಂಗಡಿಯ ಕಂಬದ ಹತ್ತಿರ ನಿಲ್ಲಿಸಿ, ದೂರ ಹೋಗಿ ಟ್ರಂಕಿನ ಮೇಲೆ ಕೂತಳು. ಬಸ್ಸು ಬಂತು. ಅವಳ ಎಡಗಡೆಯೇ ನಿಂತಿತು. ಕಂಡಕ್ಟರ್ ಇಳಿದು “ಹಿಪ್ಪರಗಿ, ತಾಳಿಕೋಟಿ, ಮುದ್ದೇಬಿಹಾಳ” ಎಂದು ಕೂಗಿದ. ಜನ ನುಗ್ಗಿದರು. ಅವಳು ಬಲಗಡೆ ಎಲ್ಲೋ ನೋಡುತ್ತ ಕೂತಿದ್ದಳು. ಮತ್ತೆ ಕೂಗಿದ. ಬಸ್ಸು ತುಂಬಿತು. ಘಂಟೆ ಹೊಡೆಯಿತು. ಅವಳು ಕೂತೇ ಇದ್ದಳು.

ನಾನು ಬಾಯಿ ತೆರೆದೆ. ಹತ್ತು ಮಾರು ದೂರ, ಅಷ್ಟೇ. ಒಂದು ಸಲ ಕಸ್ತೂರೀ ಅಂದರೆ ಸಾಕಿತ್ತು. ಆ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬಸ್ಸು ಚಲಿಸಿತು. ಆಗ ತಟ್ಟನೆ ಎದ್ದಳು, ಟ್ರಂಕು ಹೊತ್ತು ಓಡಿದಳು, ಬಸ್ಸಿನ ಮೈಗೆ ಪಟಪಟ ಬಡಿದಳು. ಬಾಗಿಲು ತೆರೆಯಿತು. ಹತ್ತಿದಳು. ತಿರುಗಿ ನೋಡಲಿಲ್ಲ.

ನಾನು ಕೂಗಲಿಲ್ಲ, ಇಂದೂ. ಯಾಕೆ ಕೂಗಲಿಲ್ಲ? ಅವಳು ಗಾಲಿಯ ಕೆಳಗೆ ಬಿದ್ದಿದ್ದರೆ? ಬಸ್ಸು ತಪ್ಪಿ ಜನರ ನಡುವೆ ಗಾಬರಿಯಾಗಿದ್ದರೆ? ಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮುಚ್ಚಿಟ್ಟದ್ದು ತಪ್ಪು ಎಂದು ತಿಳಿಯಿತು. ಕೈಬಿಟ್ಟದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ.

ತಲುಪಿದಳೇ? ಬರೆ.

ಬಸಂತರಾಯ

ಮುದ್ದೇಬಿಹಾಳ
೮ ಸೆಪ್ಟೆಂಬರ್ ೧೯೭೪

ಅಣ್ಣಾ,

ತಲುಪಿದಳು. ಅಂದೇ ಕಾರ್ಡು ಹಾಕು ಎಂದಿದ್ದೆ. “ಅಪ್ಪ ಬರೀಲಿ, ಆಮ್ಯಾಲೆ” ಅಂದಳು. ಅವಳ ಹಟ, ನಾನೂ ಸುಮ್ಮನಾದೆ.

ಸೋಮವಾರ ತಾನೇ ಮಾಸ್ತರರ ಹತ್ತಿರ ಹೋಗಿ ತನ್ನ ಕಿವಿಯ ವಿಷಯ ಹೇಳಿ ಜಾಗ ಬದಲಿಸಿಕೊಂಡಳಂತೆ. ಮರುದಿನವೇ ಒಬ್ಬ ಹುಡುಗಿ ಕೆಪ್ಪಿ ಅಂದಳಂತೆ. ನೀನು ಹೆದರಿದ್ದೂ ಅದಕ್ಕೇ ಅಲ್ಲವೇ? ಇವಳು ಏನೆಂದಳು ಗೊತ್ತೇ? “ಅರ್ಧಾ ಕೆಪ್ಪಿ ಅನ್ನು. ಮಾಸ್ತರನ ಮಗಳದೇನಿ, ಲೆಕ್ಕ ತಪ್ಪಬಾರದು.” ತರಗತಿ ನಕ್ಕಿತಂತೆ. ಆದರೆ ಮನೆಗೆ ಬಂದು ಹಿತ್ತಲಲ್ಲಿ ಒಬ್ಬಳೇ ಕೂತು ಅತ್ತಳು, ಅದನ್ನೂ ಬರೆಯಬೇಕಲ್ಲ. ನಾನು ಹೋಗಿ ಬಲಕ್ಕೆ ಕೂತೆ. ಕಪಾಳಕ್ಕೆ ಹೊಡೆದದ್ದಕ್ಕೆ ತಪ್ಪಾಯಿತು ಅಂದೆ. “ಹೂಂ” ಅಂದಳು. ಅಷ್ಟೇ.

ನಿನ್ನ ಪತ್ರ ನಿನ್ನೆ ಬಂತು. ರೊಟ್ಟಿ ಬಡಿಯುತ್ತಿದ್ದೆ, ಅವಳಿಗೇ ಓದಲು ಹೇಳಿದೆ. ಸಿಂದಗಿಯ ಭಾಗ ಬಂದಾಗ ನಿಲ್ಲಿಸಿದಳು. “ಬಸ್ಸಿನ ಕೂಗು ಕೇಳಲಿಲ್ಲೇನವಾ?” ಎಂದು ಕೇಳಿದೆ.

“ಕೇಳಿತ್ರಿ ಅತ್ತಿ. ಯಾವ ಕಡಿಂದ ಅಂತ ತಿಳೀಲಿಲ್ಲ, ಆದ್ರ ಬೋರ್ಡ ಓದಾಕ ಬರ್ತದಲ್ಲ ನನಗ. ಬಸ್ಸು ಒಳಗ ಬಂದಾಗ ನೋಡಿದ್ದೆ.”

“ಮತ್ತ ಯಾಕ ಕುಂತಿದ್ದಿ?”

“ಅಪ್ಪ ಕೂಗ್ತಾನೋ ಇಲ್ಲೋ ನೋಡಬೇಕಿತ್ತು.”

“ಕೂಗಿದ್ರ ಏನ್ ಮಾಡ್ತಿದ್ದಿ?” ಅಂದೆ.

“ಹೊಳ್ಳಿ ಬೇವಿನಾಳಕ್ಕ ಹೊಕ್ಕಿದ್ದೆ ಅತ್ತಿ” ಅಂದಳು. “ಅಪ್ಪಗ ಒಬ್ಬವಗ ಇನ್ನೂ ಇರಾಕ ಬರಂಗಿಲ್ಲ ಅಂತ ತಿಳಕೊಂಡು.”

ಇಂದು